ನನ್ನ ಮುಂದೆ ಆಫ್ ಆಗದ ಇಂಜಿನ್

ಮಾರ್ಚ್ 4, ಬೆಳಿಗ್ಗೆ 6.40

ಇವತ್ತೂ ಅದೇ. ಶೆಡ್ಡಿನಲ್ಲಿ ಕಾರಿನ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದೆ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಎದುರಿಗೇ ನಿಂತೆ. ಗಡಿಯಾರದ ಹಾಗೆ ಓಡಿತು. ಒಂದು ಸಲವೂ ಮುಗ್ಗರಿಸಲಿಲ್ಲ. ಇದು ರಸ್ತೆಯಲ್ಲಿ ನಿಂತಲ್ಲೆಲ್ಲ ಆಫ್ ಆಗುತ್ತಂತೆ — ಪೈಲಟ್ ಸಾಹೇಬರ ಮಾತು.

ಪೈಲಟ್ ಅಂದರೆ ನನ್ನ ಒಡಹುಟ್ಟಿದವನೇ. ನನಗಿಂತ ಐದು ವರ್ಷ ದೊಡ್ಡವನು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಹತ್ತು ದಿನದ ಹಿಂದೆ ನಮ್ಮ ಗೇಟಿನ ಕಂಬಕ್ಕೇ ಕಾರು ಗುದ್ದಿದ. 'ಇಂಜಿನ್ ಆಫ್ ಆಯ್ತು, ಬ್ರೇಕ್ ಕಲ್ಲಾಯ್ತು' ಅಂದ. ಕಲ್ಲಂತೆ. ಕ್ಲಚ್ ಒತ್ತೋಕೆ ಬರಲ್ಲ ಅಂತ ಒಪ್ಪಿಕೊಂಡರೆ ಗಂಟೇನು ಹೋಗುತ್ತೆ? ಅವನಿಗೆ ಅಣ್ಣ ಅನ್ನೋದನ್ನು ಅವತ್ತೇ ಬಿಟ್ಟೆ.

ಆ ಕಾರು ಅಂದರೆ ನನಗೆ ಪ್ರಾಣ. ಲೈಸೆನ್ಸ್ ಇಲ್ಲ, ಹದಿನೇಳು ಅಷ್ಟೇ. ಸೀಟಿನಲ್ಲಿ ಕೂರೋ ಯೋಗ ಇನ್ನೂ ಇಲ್ಲ. ಆದರೆ ಅದರ ಒಂದೊಂದು ಪೈಪೂ ಗೊತ್ತು.

ಮಾರ್ಚ್ 5, ಸಂಜೆ

ಅಪ್ಪ ಮೂಲೆ ಗ್ಯಾರೇಜಿನವನನ್ನು ಕರೆಸಿದರು. ಬಂದ, ಟೈರಿಗೆ ಒಂದು ಒದೆ ಕೊಟ್ಟ. (ಟೈರಿಗೆ ಯಾಕೆ?) 'ಕಾರ್ಬೋರೇಟರ್ ಪೂರಾ ಬದಲಾಯಿಸ್ಬೇಕು ಸಾರ್. ಅದಕ್ಕಿಂತ ಗುಜರಿಗೆ ಹಾಕೋದೇ ವಾಸಿ.'

'ವ್ಯಾಕ್ಯೂಮ್ ಲೀಕ್ ಚೆಕ್ ಮಾಡಿದ್ರಾ?' ಅಂದೆ.

'ಏನಮ್ಮಾ ಅದು?'

'ಇಂಜಿನ್ ಗಾಳಿ ಎಳ್ಕೊಳ್ಳುತ್ತಲ್ಲ, ಅದಕ್ಕೊಂದು ಲೆಕ್ಕ ಇರುತ್ತೆ. ಎಲ್ಲೋ ತೂತಾಗಿ ಜಾಸ್ತಿ ಗಾಳಿ ನುಗ್ಗಿದ್ರೆ ಆಫ್ ಆಗುತ್ತೆ.'

ನಕ್ಕುಬಿಟ್ಟ. 'ಮೊಬೈಲ್ ನೋಡಿ ಕಲ್ತಿದ್ದಾ?'

ಹೌದು, ಮೊಬೈಲ್ ನೋಡಿಯೇ ಕಲಿತಿದ್ದು. 'ಹಳೇ ಗಾಡಿ ಹುಚ್ಚರು' ಗ್ರೂಪಿನಲ್ಲಿ ಇನ್ನೂರ ಹದಿನಾಲ್ಕು ಜನ ಇದ್ದೀವಿ. ನಿನ್ನಂಥವನು ಒಬ್ಬನೂ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

ಅವನು ಹೋದ ಮೇಲೆ ಅಪ್ಪನ ತೀರ್ಪು — ಹದಿನೈದನೇ ತಾರೀಖು ಭಾನುವಾರ ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ಸರಿಹೋದರೆ ಸರಿ. ಪೈಲಟ್ ಕೈಯಿಂದ ಕೀ ಕಿತ್ತುಕೊಂಡಿದ್ದಾರೆ, ಅದೊಂದು ಒಳ್ಳೇದಾಯಿತು.

ಅದೇ ಸಿಟ್ಟಿನಲ್ಲಿ ಕಂಬದ ಮುಂದೆ ನಜ್ಜುಗುಜ್ಜಾದ ಬಂಪರ್, ಪಕ್ಕದಲ್ಲಿ ಪೈಲಟ್‌ನ ಪೆಚ್ಚು ಮುಖ — ಆ ಫೋಟೋ ಗ್ರೂಪಿಗೆ ಹಾಕಿದೆ. 'ನಮ್ಮನೆ ಕಂಬದ ಪೈಲಟ್. ಶೆಡ್ಡಿನಲ್ಲಿ ಬೆಣ್ಣೆ ಹಾಗೆ ಓಡೋ ಇಂಜಿನ್, ಇವನು ಕೂತ್ರೆ ಮಾತ್ರ ಸಾಯುತ್ತೆ. ಡಯಾಗ್ನೋಸಿಸ್: ಡ್ರೈವರ್.'

ತೊಂಬತ್ತಾರು ನಗುವ ಮುಖ. ನನ್ನ ರೆಕಾರ್ಡ್.

ಮಾರ್ಚ್ 9, ಸಂಜೆ 5.30

ನಾಲ್ಕು ದಿನ ಬರೆದಿಲ್ಲ. ಕೈಯೆಲ್ಲ ಗ್ರೀಸು.

ಸ್ಪ್ರೇ ಟೆಸ್ಟ್: ಇಂಜಿನ್ ಓಡುವಾಗ ಪೈಪು, ಸಂದು ಮುಚ್ಚೋ ಗ್ಯಾಸ್ಕೆಟ್ ಸುತ್ತ ಕಾರ್ಬೋರೇಟರ್ ತೊಳೆಯೋ ಸ್ಪ್ರೇ ಹೊಡೆದೆ. ತೂತಿದ್ದರೆ ಅದನ್ನೂ ಎಳೆದುಕೊಂಡು ಸದ್ದು ಬದಲಾಗಬೇಕು. ಬದಲಾಗಲಿಲ್ಲ.

ಹೊಗೆ ಟೆಸ್ಟ್: ಡಬ್ಬದಲ್ಲಿ ಹೊಗೆ ಎಬ್ಬಿಸಿ, ಆಫ್ ಮಾಡಿದ ಇಂಜಿನ್ನಿಗೆ ಊದಿದೆ. ಎಲ್ಲಿಂದಲೂ ಹೊರಗೆ ಬರಲಿಲ್ಲ. ಒಣಗಲು ಹಾಕಿದ್ದ ಅಮ್ಮನ ಬೆಡ್‌ಶೀಟಿಗೆ ಮಾತ್ರ ವಾಸನೆ ಹತ್ತಿತು. ಬೈಗುಳ ಸಿಕ್ಕಿತು.

ಎರಡು ಹಳೇ ಪೈಪು ಬದಲಾಯಿಸಿದೆ. ಚೆನ್ನಾಗಿಯೇ ಇದ್ದವು.

ಈಗಷ್ಟೇ ಅಪ್ಪ ಬೀದಿ ತುದಿಯವರೆಗೆ ಓಡಿಸಿ ನೋಡಿದರು. ತಿರುವಿನಲ್ಲಿ ಆಫ್. ಬೇಕರಿ ಮುಂದೆ ಆಫ್. ಇಳಿದು, ನನ್ನ ಮುಖವನ್ನೂ ನೋಡದೆ ಒಳಗೆ ಹೋದರು.

ನನ್ನ ಮುಂದೆ ಮಾತ್ರ ಯಾಕೆ ಆಫ್ ಆಗಲ್ಲ? ನನ್ನನ್ನು ಅಣಕಿಸೋಕೆ ಹುಟ್ಟಿದ ಕಾರು.

ಮಾರ್ಚ್ 13, ಮಧ್ಯಾಹ್ನ 1.15

ಇನ್ನು ಎರಡೇ ದಿನ. ಗ್ರೂಪಿನಲ್ಲಿ ಎಲ್ಲ ಕೈಚೆಲ್ಲಿದರು. ಪಿಸ್ಟನ್ ಅಜ್ಜ ಇವತ್ತು ಬಂದರು — ನಲವತ್ತು ವರ್ಷ ಲಾರಿ ಬಿಚ್ಚಿದವರು, ತಿಂಗಳಿಗೊಮ್ಮೆ ಒಂದು ಸಾಲು ಬರೀತಾರೆ. ಇವತ್ತಿನದು: 'ಎಲ್ರನ್ನೂ ಕೇಳಿದ್ದೀಯ. ಓಡಿಸಿದವನನ್ನ ಕೇಳಿದ್ಯಾ ಮಗಾ?'

ಇನ್ನೂರ ಹದಿಮೂರು ಜನರನ್ನು ಕೇಳಿದ್ದೆ. ಅವನನ್ನಲ್ಲ.

ಊಟಕ್ಕೆ ಕೂತಾಗ ಎದುರಿಗೇ ಇದ್ದ.

'ಅಮ್ಮಾ, ಆಫ್ ಆಗೋಕೆ ಮುಂಚೆ ಏನಾಗುತ್ತೆ ಅಂತ ಅವನನ್ನ ಕೇಳು.'

'ಅಮ್ಮಾ, ಇಂಜಿನ್ ಡಾಕ್ಟ್ರಿಗೆ ಹೇಳು, ಗ್ರೂಪಲ್ಲಿ ಕೇಳ್ಕೊಳ್ಲಿ. ನನ್ನ ಫೋಟೋನೂ ಅಲ್ಲೇ ಇದೆ.'

ಗೊತ್ತಾಗಿದೆ ಇವನಿಗೆ.

'ಪ್ರೆಸ್ಸಲ್ಲಿ ಯಾರೋ ತೋರ್ಸಿದ್ರು. ಈಗ ನಂಗೆ ಅಲ್ಲಿ ಹೆಸರೇ ಕಂಬದ ಪೈಲಟ್. ಡೆಲಿವರಿ ವ್ಯಾನ್ ಓಡಿಸೋ ಕೆಲಸ ಕೇಳಿದ್ದೆ. ಓನರ್ ನಕ್ಬಿಟ್ರು.'

'ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಬಾಯಿಲ್ವಾ ಇಬ್ರಿಗೂ?' ಅಂದಳು ಅಮ್ಮ.

ಅವನು ತಟ್ಟೆ ಎತ್ತಿಕೊಂಡು ಎದ್ದ. ಬಾಗಿಲ ಹತ್ತಿರ ತಿರುಗಿ, ನನಗಲ್ಲ, ಗೋಡೆಗೆ ಹೇಳಿದ: 'ಬುಸ್ ಅನ್ನುತ್ತೆ. ಪೆಡಲ್ ಹತ್ರ, ಕಾಲ ಬುಡದಲ್ಲಿ. ಆಮೇಲೆ ಆಫ್. ಅವತ್ತೇ ಹೇಳಿದ್ದೆ. ಕೇಳ್ಸಿಕೊಳ್ಳೋರು ಯಾರು?'

ಯಾವ ಪೆಡಲ್? ಕೇಳುವಷ್ಟರಲ್ಲಿ ಹೋದ.

2.50

ರಸ್ತೆಯಲ್ಲಿ ನಿಲ್ಲಿಸೋದು ಅಂದರೆ ಬ್ರೇಕ್ ಮೇಲೆ ಕಾಲು. ಸಿಗ್ನಲ್, ತಿರುವು, ಬೇಕರಿ, ಗೇಟು, ಎಲ್ಲ ಕಡೆ.

ಶೆಡ್ಡಿನಲ್ಲಿ ನಾನು ಕಿಟಕಿಯಿಂದ ಕೀ ತಿರುಗಿಸ್ತೀನಿ. ಹ್ಯಾಂಡ್‌ಬ್ರೇಕ್. ಸೀಟು ಖಾಲಿ. ಆ ಪೆಡಲನ್ನು ಯಾರೂ ಮುಟ್ಟಿಯೇ ಇಲ್ಲ.

ಬ್ರೇಕ್ ಬೂಸ್ಟರ್. ಪೆಡಲ್ ಹಗುರ ಆಗೋಕೆ ಇರೋ ದುಂಡನೆ ಡಬ್ಬ. ಇಂಜಿನ್ನಿನ ಎಳೆತದಿಂದಲೇ ಕೆಲಸ ಮಾಡುತ್ತೆ. ಒಳಗಿನ ರಬ್ಬರ್ ಹರಿದಿದ್ದರೆ, ಒತ್ತಿದಾಗ ಮಾತ್ರ ಗಾಳಿ ನುಗ್ಗುತ್ತೆ... ಇಂಜಿನ್ ಸಾಯುತ್ತೆ. ಬ್ರೇಕು ಕಲ್ಲಾಗುತ್ತೆ.

ಕಲ್ಲು ಅಂದಿದ್ದ.

ಮಾರ್ಚ್ 14, ಬೆಳಿಗ್ಗೆ 8.00

ಒಬ್ಬಳಿಂದ ಆಗಲ್ಲ. ಪೆಡಲ್ ಹತ್ತಿರ ಒಬ್ಬರು, ಬಾನೆಟ್ ಹತ್ತಿರ ಒಬ್ಬರು ಬೇಕು. ಅಪ್ಪ ಸ್ನಾನಕ್ಕೆ ಹೋಗಿದ್ದರು, ಅಮ್ಮ ಅಡುಗೆಯಲ್ಲಿದ್ದಳು. ಇನ್ನು ಉಳಿದವನು ಅವನೊಬ್ಬನೇ. ರೂಮಿನ ಬಾಗಿಲು ಬಡಿದೆ.

'ಐದು ನಿಮಿಷ ಬಾ.'

'ಯಾಕೆ, ಇನ್ನೊಂದು ಫೋಟೋ ಬೇಕಾ?'

'ಬ್ರೇಕ್ ಒತ್ತಬೇಕು.'

ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದ.

ಸ್ಟಾರ್ಟ್. ಬೆಣ್ಣೆ ಹಾಗೆ ಓಡಿತು. 'ಒತ್ತು' ಅಂದೆ. ಬುಸ್... ಬಾನೆಟ್ ಹತ್ತಿರವಿದ್ದ ನನಗೂ ಕೇಳಿಸಿತು. ಇಂಜಿನ್ ಮುಗ್ಗರಿಸಿ ಆಫ್.

ಮತ್ತೆ ಸ್ಟಾರ್ಟ್. ಈ ಸಲ ಬೂಸ್ಟರಿಗೆ ಹೋಗೋ ದಪ್ಪ ಪೈಪನ್ನು ಇಕ್ಕಳದಿಂದ ಗಟ್ಟಿಯಾಗಿ ಹಿಚುಕಿ ಹಿಡಿದೆ. 'ಒತ್ತು.' ಒತ್ತಿದ. ಆಫ್ ಆಗಲಿಲ್ಲ. ಇಕ್ಕಳ ಬಿಟ್ಟೆ. ಆಫ್. ನಾಲ್ಕು ಸಲ ಮಾಡಿದೆವು. ನಾಲ್ಕೂ ಸಲ ಹಾಗೇ.

ಆಮೇಲೂ ಬಾನೆಟ್ ಒಳಗೇ ತಲೆ ಇಟ್ಟುಕೊಂಡಿದ್ದೆ.

'ಕಾಲು ತೆಗೀಲಾ?' ಅಂದ.

'ಇರು.'

'ಇಂಜಿನ್ ಆಫ್ ಆಗಿ ಎಷ್ಟೊತ್ತಾಯ್ತು.'

'ಇರು ಅಂದ್ನಲ್ಲ.'

ಇಳಿದು ಬಂದು ಪಕ್ಕದಲ್ಲಿ ನಿಂತ. ಬೂಸ್ಟರ್ ನೋಡಿದ, ನನ್ನನ್ನಲ್ಲ. 'ಗ್ರೂಪಿಗೆ ಹಾಕು. ಅದೇ ಫೋಟೋ ಕೆಳಗೆ. ಬೇರೆ ಕಡೆ ಅಲ್ಲ.' ಹೊರಟೇಹೋದ. ನನ್ನ ಕ್ಷಮೆಗಿಮೆ ಅವನಿಗೆ ಬೇಕಿರಲಿಲ್ಲ.

10.20

ಅಪ್ಪನ ಮುಂದೆ ಇಕ್ಕಳ ಹಿಡಿದು ತೋರಿಸಿದೆ. ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡಿದರು. ಹೊಸ ಬೂಸ್ಟರ್ ಹಾಕೋವರೆಗೆ ಗಾಡಿ ಅಲ್ಲಾಡಬಾರದು ಅಂದರು. ಕೀಯನ್ನು ನನಗೆ ಕೊಡಲಿಲ್ಲ, ಅವನ ಟೇಬಲ್ ಮೇಲಿಟ್ಟರು.

ಆ ಫೋಟೋ ತೆರೆದು ಕೂತಿದ್ದೇನೆ. ನಗುವ ಮುಖ ನೂರ ಹನ್ನೊಂದಾಗಿವೆ. ಅಪ್ಪನಿಗೆ ತೋರಿಸುವಾಗ ತೆಗೆದ ಬೂಸ್ಟರ್ ವೀಡಿಯೋ ರೆಡಿ ಇದೆ. ಮೇಲೆ ಒಂದು ಸಾಲು ಬೇಕು. ನಾಲ್ಕು ಸಲ ಬರೆದು ಅಳಿಸಿದೆ. ಇಲ್ಲಿ ಮೊದಲು ಬರೆದು ನೋಡುತ್ತೇನೆ —

'ಡ್ರೈವರ್ ಅಲ್ಲ, ಬೂಸ್ಟರ್. ಇದನ್ನ ಅವತ್ತೇ ಹೇಳಿದ್ದು ನಮ್ಮಣ್ಣ. ನಾನು ಕೇಳ್ಸಿಕೊಳ್ಳಲೇ ಇಲ್ಲ.'