ಅಲ್ಲಿಯ ಸೂರ್ಯ

೧೦ ಮಾರ್ಚ್ ೧೯೬೨, ಶನಿವಾರ
ಬೆಳಿಗ್ಗೆ ಗಂಜಿ ಎರಡು ಚಮಚ. ಅಷ್ಟೇ. ಅಮ್ಮನ ನಾಡಿ ನೋಡಿ ಡಾಕ್ಟರು ನನ್ನನ್ನು ಜಗಲಿಗೆ ಕರೆದರು. "ಒಂದು ವಾರ ಅಂದ್ಕೊಳ್ಳಿ ಮೇಡಂ. ನೈರೋಬಿ ತಂಗಿಗೆ ತಿಳಿಸಿಬಿಡಿ."
ತಂತಿ ಕೊಟ್ಟು ಬಂದೆ. ಅನಸೂಯ ಮದುವೆಯಾಗಿ ಹೋಗಿ ಹನ್ನೊಂದು ವರ್ಷ. ಆಗ ಬೊಂಬಾಯಿಂದ ಹಡಗಿನಲ್ಲಿ ಒಂಬತ್ತು ದಿನ, ಮೇಲೊಂದು ರಾತ್ರಿ ರೈಲು. ಅಪ್ಪ ತೀರಿಹೋದಾಗ ತಂತಿ ಅವಳಿಗೆ ಮರುದಿನವೇ ಮುಟ್ಟಿತ್ತು. ಅವಳು ಬಂದು ಮುಟ್ಟುವ ದಾರಿ ಇರಲಿಲ್ಲ.

೧೨, ಸೋಮವಾರ
ಉತ್ತರ ಬಂತು. ವಿಮಾನ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ, ಬಿಟ್ಟರೆ ಶನಿವಾರ. ಯಾವುದು?
ಸ್ಕೂಲಿನ ಗ್ಲೋಬಿನ ಮೇಲೆ ದಾರ ಇಟ್ಟು ಅಳೆದೆ. ಎರಡು ಸಾವಿರದ ಎಂಟುನೂರು ಮೈಲಿ, ಬರೀ ನೀರು. ಜೆಟ್ಟಿಗೆ ಆರು ಗಂಟೆಯಂತೆ. ಗೌರಿಬಿದನೂರಿಗೆ ಪರೀಕ್ಷೆ ಡ್ಯೂಟಿಗೆ ಹೋಗಿಬರಲು ನನಗೂ ಅಷ್ಟೇ — ಬಸ್ಸು ಸಿಕ್ಕರೆ.
ಅಮ್ಮ ಒಪ್ಪಲಿಲ್ಲ. "ಬುಧವಾರ ಹನ್ನೆರಡೂವರೆ ರಾಹುಕಾಲ ಕಣೇ. ಸಮುದ್ರದ ಮೇಲೆ ಬರೋಳು. ಬೇಡ."
"ಅಲ್ಲಿ ಹನ್ನೆರಡೂವರೆ ಅಂದ್ರೆ ನಮಗೆ ಮೂರು ಗಂಟೆ ಅಮ್ಮ. ರಾಹುಕಾಲ ಮುಗಿದಿರುತ್ತೆ."
"ಹೊರಡೋದು ಅಲ್ಲಿಂದ ತಾನೆ? ಅಲ್ಲಿಯ ಸೂರ್ಯನ್ನ ಕೇಳು."
ಗ್ಲೋಬು ಇರುವುದು ನನ್ನ ಹತ್ತಿರ... ಸರಿಯಾಗಿ ಹೇಳಿದ್ದು ಅಮ್ಮ.
ಶನಿವಾರಕ್ಕೆ ಕಾಯುವಷ್ಟು ದಿನ ಇಲ್ಲ. ಸಂಜೆ ತಂತಿ ಕೊಟ್ಟೆ — ಬುಧವಾರವೇ ಬಾ. ವಿಮಾನದ ವೇಳೆ ಹತ್ತಕ್ಕೆ ಬದಲಾಯಿತೆಂದು ಅಮ್ಮನಿಗೆ ಸುಳ್ಳು ಹೇಳಿದೆ. ಸಾಯುವವಳ ಮಾತು ಮೀರಿದೆನೆ? ಅನಸೂಯಳಿಗೆ ಏನಾದರೂ ಆದರೆ?

೧೪, ಬುಧವಾರ, ಮಧ್ಯಾಹ್ನ ೩
ಈಗ ಏರುತ್ತಿದ್ದಾಳೆ. ನಮ್ಮ ನೆತ್ತಿ ದಾಟಿದ ಸೂರ್ಯ ಎರಡೂವರೆ ಗಂಟೆ ನಡೆದು ಈಗ ಅವಳ ನೆತ್ತಿಗೆ ಬಂದಿದ್ದಾನೆ. ಅವಳು ಅವನಿಗೆ ಬೆನ್ನು ಹಾಕಿ ಇತ್ತ ಹಾರುತ್ತಾಳೆ. ಆರು ಗಂಟೆ ಕುಳಿತವಳಿಗೆ ಗಡಿಯಾರದಲ್ಲಿ ಎಂಟೂವರೆ ಗಂಟೆ ಕಳೆದಿರುತ್ತದೆ. ಇಷ್ಟು ವರ್ಷ ಮಕ್ಕಳಿಗೆ ರೇಖಾಂಶ ಪಾಠ ಮಾಡಿದೆ. ಇವತ್ತು ಮೈ ಜುಮ್ಮೆಂದಿತು.
"ಹೊರಟಳೇನೆ?"
"ಬೆಳಿಗ್ಗೆಯೇ ಹೊರಟಿರುತ್ತಾಳೆ, ಅಮ್ಮ."
"ಈಗ ಹೊರಟಳು. ರಾಹುಕಾಲದಲ್ಲೇ. ಸುಳ್ಳು ಹೇಳೋವಾಗ ನೀನು ಪುಸ್ತಕದ ಕನ್ನಡ ಮಾತಾಡ್ತೀಯ ಕಣೇ."
ನಾನು ಅವಳ ಹೊದಿಕೆ ಸರಿಮಾಡಿದೆ.
"ಬರಲಿ ಬಿಡು," ಅಂದಳು. "ರಾಹುಗೂ ನನಗೂ ಜಗಳ ನಡೀತಿರಲಿ. ಅವಳು ಬರೋವರೆಗೆ ನಾನು ಬಿಡಲ್ಲ."
ಪಡುವಣ ಕಿಟಕಿ ತೆರೆಸಿಕೊಂಡಳು.

೧೫, ಗುರುವಾರ, ಬೆಳಿಗ್ಗೆ ೭
ಬೊಂಬಾಯಿಂದ ತಂತಿ. ಇಳಿದಿದ್ದಾಳೆ. ಬೆಂಗಳೂರಿಗೆ ಇನ್ನೊಂದು ವಿಮಾನ, ಅಲ್ಲಿಂದ ಟ್ಯಾಕ್ಸಿ. ಅಮ್ಮನ ಕಿವಿಯಲ್ಲಿ ಹೇಳಿದೆ. ಬೆರಳು ಆಡಿಸಿದಳು.

ಮಧ್ಯಾಹ್ನ ೧.೧೦
ಉಸಿರಿನ ನಡುವೆ ಅಂತರ ಜಾಸ್ತಿಯಾಗಿದೆ. ಒಂದೊಂದಕ್ಕೂ ಕಾಯುತ್ತೇನೆ. ನಿನ್ನೆ ಈ ಹೊತ್ತಿಗೆ ಅನಸೂಯ ಇನ್ನೂ ಆಫ್ರಿಕಾದ ನೆಲದ ಮೇಲಿದ್ದಳು.
ಟ್ಯಾಕ್ಸಿ ನಿಂತ ಸದ್ದು. ಅಮ್ಮ ಕಣ್ಣು ಬಿಟ್ಟಿದ್ದಾಳೆ. "ಯಾರೇ?"
ನಾನು ಹೇಳುವುದಿಲ್ಲ. ಅನಸೂಯಳೇ ಬಂದು —