ನನ್ನ ಇಳಿತಕ್ಕೆ ಯಾರೂ ಬೈಯಲಿಲ್ಲ

1974ರ ಸೆಪ್ಟೆಂಬರ್ 15, ಭಾನುವಾರ ಮಧ್ಯಾಹ್ನ. ಗಾಳಿ ಪಶ್ಚಿಮದಿಂದ, ತೀರಾ ಮೆಲುವಾಗಿ. ನಮ್ಮ ಬೆಟ್ಟದ ಹಾರಾಟ ಶಾಲೆಯ ಮೈದಾನದಿಂದ ಇಬ್ಬರು ವಿದ್ಯಾರ್ಥಿಗಳು ಮೊದಲ ಸಲ ಒಂಟಿಯಾಗಿ ಹಾರಿ ಇಳಿದರು. ಒಬ್ಬ ಫೋಲ್ಕರ್, ಬೇಕರಿಯಲ್ಲಿ ಕೆಲಸ ಮಾಡುವ ಇಪ್ಪತ್ತೆರಡರ ಯುವಕ. ಇನ್ನೊಬ್ಬಳು ನಾನು, ಕೆಳಗಿನ ಊರಿನ ವಿಮಾನ ಕಾರ್ಖಾನೆಯ ಯಜಮಾನನ ಹೆಂಡತಿ, ವಯಸ್ಸು ನಲವತ್ತೊಂಬತ್ತು. ಅವನಿಗೆ ಏಟು ಬಿತ್ತು. ನನಗೆ ಬೀಳಲಿಲ್ಲ.

ಹಾರಾಟ ಶಾಲೆಯ ಮಾನ್ಯ ಮುಖ್ಯಸ್ಥರೇ,

ದೂರನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಶಾಲೆ ನನಗೆ ಸಲ್ಲಬೇಕಾದ ಏಟನ್ನು ಸಲ್ಲಿಸಿಲ್ಲ. ಕುಂಡಿಯ ಮೇಲೆ ಬೀಳಬೇಕಾದ ಏಟಿನ ಬಗ್ಗೆಯೇ ನಾನು ಮಾತಾಡುತ್ತಿರುವುದು. ಈ ಪತ್ರಿಕೆಯ ಸಂಪಾದಕರು ಅದನ್ನು ‘ಆಸನಭಾಗ’ ಎಂದು ತಿದ್ದಲೇ ಎಂದು ಕೇಳಿದರು. ಬೇಡ ಎಂದೆ. ನಮ್ಮ ಮೈದಾನದಲ್ಲಿ ಯಾರೂ ಯಾರ ಆಸನಭಾಗಕ್ಕೂ ಹೊಡೆಯುವುದಿಲ್ಲ.

ಹಾರದೇ ಇರುವ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಮೊದಲ ಸಲ ಒಂಟಿಯಾಗಿ ಹಾರಿ ಇಳಿದವರನ್ನು ವಿಮಾನದ ಮೂತಿಯ ಮೇಲೆ ಬಗ್ಗಿಸಿ, ಮೈದಾನದಲ್ಲಿದ್ದ ಹಾರಾಟಗಾರರೆಲ್ಲ ಸಾಲಾಗಿ ಬಂದು ತಲಾ ಒಂದೊಂದು ಏಟು ಹಾಕುತ್ತಾರೆ. ಬಿಸಿಗಾಳಿ ವಿಮಾನವನ್ನು ಎತ್ತುವುದು ಮೊದಲು ತಿಳಿಯುವುದು ಕಣ್ಣಿಗಲ್ಲ, ಕುಂಡಿಗೆ; ಅದನ್ನು ಚುರುಕು ಮಾಡಬೇಕು ಎಂಬುದು ಹಿರಿಯರ ವಾದ. ಆಮೇಲೆ ಮೈದಾನದ ಅಂಚಿನ ಮುಳ್ಳುಗಿಡಗಳನ್ನು ಕಿತ್ತು ಕಟ್ಟಿದ ಗೊಂಚಲೊಂದನ್ನು ಬರಿಗೈಗೆ ಕೊಡುತ್ತಾರೆ. ಆ ಗಳಿಗೆಯಿಂದ ಅವರು ಮೈದಾನದಲ್ಲಿ ಎಲ್ಲರಿಗೂ ‘ನೀನು’. ನ್ಯಾಯಾಧೀಶರಾದರೂ ನೀನು, ಕೊಳಾಯಿ ರಿಪೇರಿಯವನಾದರೂ ನೀನು. ಏಟು ಬೀಳುವವರೆಗೆ ಮಾತ್ರ ಮನುಷ್ಯ ‘ನೀವು’.

ಇದು ಹೊಟ್ಟೆಕಿಚ್ಚಿನ ಪತ್ರ ಎಂದು ನೀವು ಹೇಳುವ ಮೊದಲು ನಾನೇ ಹೇಳುತ್ತೇನೆ. ಹೌದು, ಹೊಟ್ಟೆಕಿಚ್ಚಿನದೇ. ನಿಮ್ಮ ಶಾಲೆಗೆ ಬರುವ, ಎಂಜಿನ್ ನಿಲ್ಲಿಸಿದರೂ ಗಾಳಿಯಲ್ಲಿ ತೇಲುವ ಮೋಟಾರ್ ಗ್ಲೈಡರ್‌ಗಳೂ ತರಬೇತಿ ವಿಮಾನಗಳೂ ನನ್ನ ಗಂಡ ಗೆಬ್‌ಹಾರ್ಟ್‌ನ ಕಾರ್ಖಾನೆಯವು. ಹಾಗಾಗಿ ಎಷ್ಟೋ ವರ್ಷಗಳಿಂದ ನನ್ನ ಭಾನುವಾರಗಳು ನಿಮ್ಮ ಮೈದಾನದಲ್ಲೇ ಕಳೆದಿವೆ, ಬೇಲಿಯ ಈಚೆ. ಹಾರಿ ಇಳಿದವರು ಉದ್ದನೆಯ ಮೇಜಿನ ಸುತ್ತ ಕೂತು ಎರಡೂ ಅಂಗೈಗಳನ್ನು ರೆಕ್ಕೆಗಳಂತೆ ವಾಲಿಸುತ್ತ ಮಾತಾಡುವುದನ್ನು ನೋಡಿದ್ದೇನೆ. ನಾನು ಕಾಫಿಯ ಹೂಜಿ ಹಿಡಿದು ಹತ್ತಿರ ಬಂದೊಡನೆ ಅಂಗೈಗಳು ಕೆಳಗಿಳಿಯುತ್ತಿದ್ದವು. “ಪ್ಲಮ್ ಕೇಕ್ ಬಹಳ ಚೆನ್ನಾಗಿದೆ, ಅಮ್ಮಾವ್ರೇ.” ನಾನು ಆಚೆ ಹೋದೊಡನೆ ಅಂಗೈಗಳು ಮತ್ತೆ ಹಾರುತ್ತಿದ್ದವು. ಆ ಅಂಗೈಗಳ ಮೇಲೆ ನನಗಿದ್ದಷ್ಟು ಅಸೂಯೆ ಬೇರೆ ಹೆಂಗಸರಿಗೆ ತಮ್ಮ ಗಂಡನ ಗೆಳತಿಯರ ಮೇಲೂ ಇರಲಾರದು. ಆದ್ದರಿಂದಲೇ ಕಳೆದ ವಸಂತದಲ್ಲಿ ನಾನು ನಿಮ್ಮ ಶಾಲೆಗೆ ಸೇರಿದೆ. ಕೇಕ್ ಮಾಡುವುದನ್ನು ನಿಲ್ಲಿಸಿದೆ. ಅದಕ್ಕೂ ನೀವು ಬೇಸರಪಟ್ಟಿರಿ.

ಆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಫೋಲ್ಕರ್ ಮೊದಲು ಹಾರಿದ, ನಾನು ಅವನ ನಂತರ, ಅದೇ ವಿಮಾನದಲ್ಲಿ: ನಮ್ಮ ಕಾರ್ಖಾನೆಯ, ಇಬ್ಬರು ಪಕ್ಕಪಕ್ಕ ಕೂರುವ ಮೋಟಾರ್ ಗ್ಲೈಡರ್. ಫೋಲ್ಕರ್ ಇಳಿಯುವಾಗ ವಿಮಾನ ಒಮ್ಮೆ ಪುಟಿಯಿತು. ಅವನಿನ್ನೂ ಬೆಲ್ಟು ಬಿಚ್ಚಿರಲಿಲ್ಲ, ನಿಮ್ಮ ಹಿರಿಯ ಶಿಕ್ಷಕ ಒಟ್ಮಾರ್ ಓಡಿ ಬಂದರು. ಏಟು ಬೀಳುವವರೆಗೂ ಕಾಯದೆ ಅವರ ಬಾಯಿಗೆ ‘ನೀನು’ ಬಂದಿತ್ತು.

“ಏಯ್, ಅದೇನು ಇಳಿದೆಯೋ, ಮೇಲಿಂದ ಹಿಟ್ಟಿನ ಮೂಟೆ ಎಸೆದೆಯೋ?”

“ಒಂದೇ ಸಲ ಅಲ್ವಾ ಪುಟಿದಿದ್ದು, ಒಟ್ಮಾರ್.”

“ಒಂದೇ ಸಲ ಅಂತೆ! ನೆಲ ಎಲ್ಲಿದೆ ಅಂತ ಮುಂಚೆ ಗೊತ್ತಿತ್ತಾ, ತಗುಲಿದ ಮೇಲೆ ಗೊತ್ತಾಯ್ತಾ?”

“ತಗುಲಿದ ಮೇಲೆ.”

“ಕಣ್ಣು ಎಲ್ಲಿಟ್ಟಿದ್ದೆ?”

“ಚಕ್ರದ ಮುಂದೆ.”

“ಅಲ್ಲೇ ನೀನು ಕೆಟ್ಟಿದ್ದು, ಕತ್ತೆ. ಮೈದಾನದ ಆ ತುದೀನ ನೋಡು. ನೆಲಾನ ಹುಡುಕಬೇಡ, ಅದು ಎಲ್ಲೂ ಓಡಿಹೋಗಲ್ಲ. ಈಗ ಇಳಿ, ಬಗ್ಗು!”

ಸಾಲು ನಿಂತಿತು. ಏಟುಗಳ ಸದ್ದು ಬೇಲಿಯವರೆಗೂ ಕೇಳಿಸಿತು. ಅವನು ಮುಳ್ಳಿನ ಗೊಂಚಲು ಹಿಡಿದು, ಹಿಂದೆ ಉಜ್ಜಿಕೊಳ್ಳುತ್ತ, ಪದಕ ಗೆದ್ದವನಂತೆ ಕುಂಟಿಕೊಂಡು ಹೋದ. ನಾನು ವಿಮಾನ ಹತ್ತುವಾಗ ಅವನ ಅಂಗೈಯಲ್ಲಿ ರಕ್ತದ ಚುಕ್ಕೆಗಳಿದ್ದವು. ಎಷ್ಟು ಚೆಂದವಾಗಿದ್ದವು!

ನಾನು ಹಾರಿದೆ. ಮೇಲಿನದನ್ನು ಇಲ್ಲಿ ವರ್ಣಿಸುವುದಿಲ್ಲ, ಅದು ನನ್ನದು. ಇಳಿಯುವಾಗ ಎತ್ತರ ಹೆಚ್ಚಿತ್ತು, ವೇಗವೂ ಹೆಚ್ಚಿತ್ತು. ವಿಮಾನ ನೆಲಕ್ಕೆ ತಗುಲಿ ಪುಟಿಯಿತು, ಮತ್ತೆ ಪುಟಿಯಿತು. ಮೂರನೆಯ ಸಲ ಪುಟಿದಾಗ ಎಡಗಡೆಯ ರೆಕ್ಕೆ ತಗ್ಗಿ, ಅದರ ಕೆಳಗಿನ ಪುಟ್ಟ ಚಕ್ರ ಹುಲ್ಲನ್ನು ಉತ್ತುಕೊಂಡು ಹೋಯಿತು. ನಾನು ನಿಂತದ್ದು ಬೇಲಿಯ ಹತ್ತಿರ. ಬೇಲಿಯಾಚೆ ಕಾಫಿ ಕುಡಿಯುತ್ತಿದ್ದವರು ಎದ್ದು ನಿಂತಿದ್ದರು. ಚಪ್ಪಾಳೆ ತಟ್ಟಲು ಎದ್ದದ್ದಲ್ಲ ಎಂದು ನನಗೆ ಗೊತ್ತು, ಮುಖ್ಯಸ್ಥರೇ. ಆದರೆ ಎದ್ದ ಮೇಲೆ ಅವರು ತಟ್ಟಿದ್ದು ಚಪ್ಪಾಳೆಯನ್ನೇ.

ಒಟ್ಮಾರ್ ಬಂದರು. ಓಡಿ ಬರಲಿಲ್ಲ, ನಡೆದು ಬಂದರು. ಮುಖ ಸುಣ್ಣ ಬಳಿದಂತಿತ್ತು. ಬಾಯಿ ತೆರೆದರು. ಇನ್ನೇನು ಬಂತು ಎಂದು ನಾನು ಕಾದೆ. ಅವರು ನಿಮ್ಮ ಕಡೆ ನೋಡಿದರು, ಬಾಯಿ ಮುಚ್ಚಿ ಮತ್ತೆ ತೆರೆದರು.

“ಬಹಳ ಚೆನ್ನಾಗಿತ್ತು, ಅಮ್ಮಾವ್ರೇ. ಸ್ವಲ್ಪ ಗಾಳಿ ಎತ್ತಿಬಿಡ್ತು, ಅಷ್ಟೇ.”

ಯಾವ ಗಾಳಿ? ಗಾಳಿಸೂಚಿಯ ಬಟ್ಟೆ ಒಣಗಲು ಹಾಕಿದ ಕಾಲುಚೀಲದಂತೆ ಜೋತುಬಿದ್ದಿತ್ತು.

ಆಮೇಲೆ ನೀವು ಬಂದಿರಿ, ಟೈ ಸರಿಪಡಿಸಿಕೊಳ್ಳುತ್ತ. ಪಟ್ಟಣದ ಹೂವಿನಂಗಡಿಯಿಂದ ತರಿಸಿದ, ಹೊಳೆಯುವ ಕಾಗದ ಸುತ್ತಿದ, ಒಂದೊಂದೇ ಮುಳ್ಳನ್ನು ಅಂಗಡಿಯವರೇ ಬಿಡಿಸಿದ್ದ ಗುಲಾಬಿಗಳನ್ನು ನನಗೆ ಕೊಟ್ಟಿರಿ. ಅಂದರೆ ನಾನು ಹಾರುವ ಮೊದಲೇ, ಬೆಳಿಗ್ಗೆಯೇ, ನನ್ನನ್ನು ಏನು ಮಾಡಬೇಕೆಂದು ನೀವು ತೀರ್ಮಾನಿಸಿದ್ದಿರಿ. ಕೈ ಕುಲುಕಿದಿರಿ. ನಾನು ವಿಮಾನದ ಮೂತಿಯ ಕಡೆ ತಿರುಗಿ, ನಿಮಗೆ ನೆನಪಿರಬಹುದು, ಸ್ವಲ್ಪ ಬಗ್ಗಿಯೂ ನಿಂತೆ. ಮೈದಾನವೆಲ್ಲ ಬೂಟಿನ ತುದಿ ನೋಡತೊಡಗಿತು.

“ಅಯ್ಯೋ, ತಮಾಷೆ ಮಾಡ್ತಿದೀರಾ ಅಮ್ಮಾವ್ರೇ?” ಎಂದಿರಿ. “ನಿಮ್ಮ ಮೇಲೆ ಕೈ ಎತ್ತೋದುಂಟಾ? ನಾಳೆ ಯಜಮಾನರ ಮುಖ ಹೇಗೆ ನೋಡೋದು?”

“ಯಜಮಾನರಿಗೆ ನೀವೇ ಹೊಡೆದಿದ್ರಂತಲ್ಲ. ಮೂರು ದಿನ ಮಗ್ಗುಲಾಗಿ ಮಲಗಿದ್ರು.”

“ಅವನ ವಿಷಯ ಬೇರೆ. ಅವನು ನಮ್ಮವನು.”

ಆ ಮೂರು ಅಕ್ಷರದ ‘ಅವನು’ ಎಂಬುದಕ್ಕಾಗಿಯೇ ನಾನು ಬೆಟ್ಟ ಹತ್ತಿ ಬಂದದ್ದು. ನೀವದನ್ನು ನನ್ನೆದುರೇ, ನನ್ನ ಗಂಡನಿಗೆ ಇನ್ನೊಮ್ಮೆ ಕೊಟ್ಟಿರಿ.

ನಾನು ಹೆಂಗಸು, ಅದಕ್ಕೆ ಎನ್ನುವಿರಾ? ಜೂನ್‌ನಲ್ಲಿ ಆಸ್ಪತ್ರೆಯ ನರ್ಸ್ ಗುಡ್ರುನ್ ಮೊದಲ ಸಲ ಒಂಟಿಯಾಗಿ ಹಾರಿದಾಗ ಹೊಡೆಯುವ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ನೀವು. ವಯಸ್ಸಾಯಿತು, ಅದಕ್ಕೆ ಎನ್ನುವಿರಾ? ನಿವೃತ್ತ ಅಂಚೆ ಅಧಿಕಾರಿಗೆ ಅರವತ್ತು ದಾಟಿತ್ತು. ಅವರಿಗೆ ಬಿದ್ದ ಏಟಿಗೆ ಹಲ್ಲಿನ ಸೆಟ್ಟು ಸಡಿಲವಾಯಿತು ಎಂದು ಅವರೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ. ಹಾಗಾದರೆ ಉಳಿಯುವುದು ಒಂದೇ ಕಾರಣ. ಮುಂದಿನ ವರ್ಷಕ್ಕೆ ನಿಮ್ಮ ಶಾಲೆಗೆ ಎರಡು ಹೊಸ ತರಬೇತಿ ವಿಮಾನ ಬೇಕು. ಅವು ವಸಂತಕ್ಕೆ ಮೊದಲು ಸಿಗುತ್ತವೆಯೋ ನಂತರ ಸಿಗುತ್ತವೆಯೋ ಎಂಬುದು ಗೆಬ್‌ಹಾರ್ಟ್‌ನ ಮನಸ್ಸಿನ ಮೇಲಿದೆ. ನಿಮ್ಮ ದಾಕ್ಷಿಣ್ಯ ನನ್ನ ಮೇಲಿನದಲ್ಲ, ಇನ್ನೂ ಕಟ್ಟದ ಎರಡು ವಿಮಾನಗಳ ಮೇಲಿನದು.

ಒಂದು ಏಟಿಗೆ ಇಷ್ಟು ರಂಪವೇ ಎಂದು ಊರಿನವರು ಕೇಳಬಹುದು. ಆ ಸಂಜೆ ನೀವು ಫೋಲ್ಕರ್‌ಗೆ, ಒಟ್ಮಾರ್ ಪಕ್ಕದಲ್ಲಿ ಕೂತಿರುವಂತೆ ಇನ್ನಷ್ಟು ಇಳಿತಗಳನ್ನು ಅಭ್ಯಾಸ ಮಾಡಬೇಕು ಎಂದು ಹೇಳಿದಿರಿ. ಅವನು ಗೊಣಗಿದ. ನನಗೆ ಮಾತ್ರ ಅಕ್ಟೋಬರ್‌ನಲ್ಲಿ ಒಂಟಿಯಾಗಿ ಬೇರೊಂದು ಮೈದಾನಕ್ಕೆ ಹಾರಿ, ಇಳಿದು, ವಾಪಸು ಬರಲು ಅನುಮತಿ ಕೊಟ್ಟಿರಿ. ಒಮ್ಮೆ ಪುಟಿದವನು ಇನ್ನೂ ಕಲಿಯಬೇಕು. ಮೂರು ಸಲ ಪುಟಿದು ಬೇಲಿ ತಲುಪಿದವಳು ಕಲಿತು ಮುಗಿಸಿದ್ದಾಳೆ! ಆ ಎತ್ತರ, ಆ ವೇಗ ನನ್ನ ಯಾವ ತಪ್ಪಿನಿಂದ ಬಂದವು ಎಂಬುದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಅವನಿಗೆ ಸಿಕ್ಕ ಬೈಗುಳವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ, ಮೈದಾನದ ತುದಿಯನ್ನು ನೋಡಬೇಕಂತೆ. ಆದರೆ ಇನ್ನೊಬ್ಬರಿಗೆ ಬರೆದುಕೊಟ್ಟ ಕನ್ನಡಕವನ್ನು ಹಾಕಿಕೊಂಡು ನಾನು ಎಷ್ಟು ದೂರ ಹಾರಲಿ? ಆ ಮೈದಾನದ ಬೇಲಿ ಎಲ್ಲಿದೆ ಎಂಬುದೂ ನನಗೆ ತಿಳಿಯದು. ಅಲ್ಲಿ ನಾನು ಮುಗುಚಿಕೊಂಡರೆ ನೀವು ಎಂಥ ಹೂ ಕಳಿಸುತ್ತೀರಿ ಎಂಬುದು ಮಾತ್ರ ಗೊತ್ತು.

ಮನೆಯಲ್ಲಿ ಗೆಬ್‌ಹಾರ್ಟ್‌ನನ್ನು ಕೇಳಿದೆ; ಮೈದಾನದ ಶೆಡ್ಡಿನ ಬಾಗಿಲಿನಿಂದ ಅವನೂ ನೋಡಿದ್ದ. ನಮ್ಮಿಬ್ಬರ ನಡುವೆ ‘ನೀವು’ ಎಂಬ ಮಾತಿಲ್ಲವಲ್ಲ, ನಿಜ ಹೇಳುತ್ತಾನೆ ಎಂದುಕೊಂಡೆ.

“ನನ್ನ ಇಳಿತ ಹೇಗಿತ್ತು?”

“ಚೆನ್ನಾಗಿತ್ತು ಕಣೇ.” ಆಲೂಗಡ್ಡೆ ಸಲಾಡಿನಿಂದ ತಲೆ ಎತ್ತಲಿಲ್ಲ.

“ಮೂರು ಸಲ ಪುಟಿಯಿತು.”

“ನಮ್ಮ ವಿಮಾನ ಗಟ್ಟಿ ಬಿಡು. ಅದಕ್ಕೇನೂ ಆಗಿಲ್ಲ.”

“ನಾನು ವಿಮಾನದ ವಿಷಯ ಕೇಳಲಿಲ್ಲ.”

“ಮೊದಲ ಸಲ ಅಲ್ವಾ, ಹೋಗಲಿ ಬಿಡು. ಸಾಸಿವೆ ಇದೆಯಾ?”

ಮರುದಿನ ಬೆಳಿಗ್ಗೆ ನಾನು ಮೈದಾನಕ್ಕೆ ಹೋದಾಗ, ಶೆಡ್ಡಿನಲ್ಲಿ ನನ್ನ ಗಂಡನ ಎರಡು ಬೂಟುಗಳು ಆ ಮೋಟಾರ್ ಗ್ಲೈಡರ್‌ನ ಹೊಟ್ಟೆಯ ಕೆಳಗಿನಿಂದ ಹೊರಗೆ ಚಾಚಿದ್ದವು. ಟಾರ್ಚು ಹಿಡಿದು ಚಕ್ರದ ಕಂಬಿಯನ್ನು ಇಂಚಿಂಚೂ ತಡವುತ್ತಿದ್ದ. “ಎಲ್ಲಿ ನೋವಾಯ್ತು ನಿಂಗೆ, ಹ್ಞಾ?” ಎಂದು ಅದನ್ನು ಕೇಳುತ್ತಿದ್ದ. ಒಟ್ಮಾರ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ಎಡಗಡೆ ನೋಡು, ಭಾರಿ ಪೆಟ್ಟು ಬಿದ್ದಿದೆ, ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ ನಾನು” ಎನ್ನುತ್ತಿದ್ದರು. ನಾನು ಸದ್ದು ಮಾಡದೆ ಹಿಂತಿರುಗಿದೆ. ಮುಖ್ಯಸ್ಥರೇ, ಗಂಡಸರ ಮೇಲೆ, ಹುಡುಗರ ಮೇಲೆ, ಅಂಗೈಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ಮರ, ಬಟ್ಟೆ, ಕಬ್ಬಿಣದ ಕೊಳವೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅದೇ ಇಳಿತವನ್ನು ನಾವಿಬ್ಬರೂ ಇಳಿದಿದ್ದೆವು. ಅದಕ್ಕೆ ಪರೀಕ್ಷೆ ಸಿಕ್ಕಿತು, ನನಗೆ ಗುಲಾಬಿ.

ಒಟ್ಮಾರ್ ಮೇಲೆ ನನಗೆ ಕೋಪವಿಲ್ಲ. ಬೈಯುವುದು ಅವರ ವಿದ್ಯೆ, ಅದನ್ನು ಅವರ ಬಾಯಿಂದ ಕಸಿದುಕೊಂಡವರು ನೀವು. ನಿಮ್ಮ ಮೈದಾನದಲ್ಲಿ ‘ನೀನು’ ಎಂಬುದು ಸಲಿಗೆಯ ಮಾತಲ್ಲ. ನೀನು ಸಾಯಬಾರದು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಲು ಇಟ್ಟುಕೊಂಡ ಮಾತು. ನನ್ನನ್ನು ಇಷ್ಟು ಗೌರವದಿಂದ ಅದರಿಂದ ಹೊರಗಿಡುವ ಹಕ್ಕು ನಿಮಗೆ ಯಾರು ಕೊಟ್ಟರು?

ಆದ್ದರಿಂದ ಕೇಳುತ್ತೇನೆ. ನನಗೆ ಕೊಟ್ಟಿರುವ ಆ ಅಕ್ಟೋಬರ್ ಅನುಮತಿಯನ್ನು ಎಲ್ಲರೆದುರು ಹಿಂತೆಗೆದುಕೊಳ್ಳಿ. ನನ್ನ ಇಳಿತ ಏಕೆ ಕೆಟ್ಟದಾಗಿತ್ತು ಎಂದು ಒಟ್ಮಾರ್ ಹೇಳಲಿ, ಏಕವಚನದಲ್ಲಿ, ಬೇಲಿಯವರೆಗೆ ಕೇಳುವಂತೆ. ಇನ್ನು ಮುಂದೆ ಯಾರ ಹೆಂಡತಿ, ಯಾರ ಮಗಳು ಎಂದು ನೋಡಿ ಸುಳ್ಳು ಹೇಳುವುದಿಲ್ಲ ಎಂದು ನೀವು ಹೇಳಿ. ಆ ಎರಡು ವಿಮಾನಗಳ ಬಗ್ಗೆ ಚಿಂತೆ ಬೇಡ. ಗೆಬ್‌ಹಾರ್ಟ್ ಕೊಟ್ಟ ಮಾತಿಗೆ ತಪ್ಪುವವನಲ್ಲ, ಹೆಂಡತಿಗೆ ಬಿದ್ದ ಏಟಿಗೆ ವಿಮಾನ ತಡಮಾಡುವವನೂ ಅಲ್ಲ. ಇದನ್ನು ನೀವು ಅವನನ್ನೇ ಕೇಳಬಹುದಿತ್ತು. ನೀವು ಅವನಿಗೆ ‘ನೀನು’ ಅನ್ನುವವರಲ್ಲವೇ?

ನಿಮ್ಮ ಉತ್ತರ ಏನೇ ಇರಲಿ, ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಪಕ್ಕದ ಕಣಿವೆಯಾಚೆ ಒಂದು ಚಿಕ್ಕ ಮೈದಾನವಿದೆ. ಈ ಪತ್ರಿಕೆ ಅಲ್ಲಿಗೆ ಹೋಗುವುದಿಲ್ಲ, ನಮ್ಮ ಕಾರ್ಖಾನೆಯ ಒಂದು ವಿಮಾನವೂ ಅಲ್ಲಿಲ್ಲ. ಅವರು ಹಾರಿಸುವುದು ನಮ್ಮ ಪ್ರತಿಸ್ಪರ್ಧಿಯ ಮೋಟಾರ್ ಗ್ಲೈಡರ್‌ಗಳನ್ನು. ಅಲ್ಲಿ ತವರಿನ ಹೆಸರಿನಲ್ಲಿ ಸೇರಿ, ಮೊದಲ ಪಾಠದಿಂದ ಶುರುಮಾಡುತ್ತೇನೆ. ಅವರಿಗೆ ಇನ್ನೂ ಫೋನ್ ಮಾಡಿಲ್ಲ. ಗೆಬ್‌ಹಾರ್ಟ್‌ಗೂ ಹೇಳಿಲ್ಲ. ತಾನು ಕಟ್ಟಿದ್ದನ್ನು ಬಿಟ್ಟು ಅವರು ಕಟ್ಟಿದ್ದನ್ನು ನಾನು ಹಾರಿಸುವುದು ಅವನಿಗೆ ನೋಯುತ್ತದೆ. ಬಹುಶಃ ಹೊಟ್ಟೆಕಿಚ್ಚೂ ಆದೀತು. ಶನಿವಾರದ ಪತ್ರಿಕೆಯನ್ನು ಅವನು ತಿಂಡಿಯ ಮೇಜಿನಲ್ಲಿ, ಕೊನೆಯ ಪುಟದಿಂದ ಓದುತ್ತಾನೆ. ಈ ಪುಟ ತಲುಪುವ ಹೊತ್ತಿಗೆ ನಾನು ಎದುರಿಗೇ ಕೂತಿರುತ್ತೇನೆ.

ಇಂತಿ,
ಒಂಟಿಯಾಗಿ ಹಾರಿ, ಒಂಟಿಯಾಗಿಯೇ ಉಳಿದ
ರೋಸ್ವಿಟಾ ಶ್ಟೈಗ್ಲೆ