ಬಾರದ ಬಸ್ಸಿಗೆ ನನ್ನ ಮಗಳ ಹೆಸರು ಬೇಡ

ಸಾರಿಗೆ ಸಂಸ್ಥೆಯ ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ಕಳೆದ ವಾರ ನಿಮ್ಮ ಸಭಾಂಗಣದಲ್ಲಿ ನನ್ನ ಮಗಳಿಗಾಗಿ ಸೇರಿದ್ದ ಎಲ್ಲರಿಗೂ ಮೊದಲು ನನ್ನ ಕೃತಜ್ಞತೆ. ಕೆಲಸ ಬದಿಗಿಟ್ಟು ಬಂದ ಅಧಿಕಾರಿಗಳಿಗೆ, ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಚಾಲಕರಿಗೆ, ಅವಳ ಜೊತೆ ಕೂತು ನಿಮ್ಮ ಮೊಬೈಲ್ ಆ್ಯಪ್ ರೂಪಿಸಿದ, ಅಂದು ಕಣ್ಣು ಕೆಂಪಾಗಿದ್ದ ಆ ತರುಣ ತರುಣಿಯರಿಗೆ, ಕುರ್ಚಿಯ ಧೂಳೊರೆಸಿ ನನ್ನನ್ನು ಕೂರಿಸಿದ ಜವಾನನಿಗೆ. ನೀವೆಲ್ಲರೂ ತೋರಿದ ಗೌರವವನ್ನು ಸ್ವೀಕರಿಸಿದ್ದೇನೆ. ಅದರ ಜೊತೆ ಕೊಟ್ಟ ಸಹಾನುಭೂತಿಯನ್ನು ಮಾತ್ರ ಈ ಬಹಿರಂಗ ಪತ್ರದ ಮೂಲಕ ಹಿಂದಿರುಗಿಸುತ್ತಿದ್ದೇನೆ. ಕನಿಕರ ಪಡೆದವನು ಬಾಯಿ ತೆರೆಯಬಾರದೆಂಬ ಅಲಿಖಿತ ನಿಯಮವೊಂದಿದೆ. ನಾನು ಬಾಯಿ ತೆರೆಯಬೇಕಾಗಿದೆ.

ನನ್ನ ಪ್ರಶ್ನೆ ಇಷ್ಟೇ: ಬಸ್ಸು ಎಲ್ಲಿದೆಯೆಂದು ನಿಮಗೇ ತಿಳಿಯದಿರುವಾಗ, ನಿಮ್ಮ ಆ್ಯಪ್ ಪ್ರಯಾಣಿಕರಿಗೆ "ಬಂತು" ಎಂದು ಹೇಳುವುದೇಕೆ?

ಸಭೆಯಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಒಂದು ನಿಮಿಷದ ಮೌನ. ಆ ಮೌನದ ನಡುವೆ ಯಾರದೋ ಜೇಬಿನ ಫೋನು "ನಿಮ್ಮ ಬಸ್ಸು ಬಂತು" ಎಂದು ಕೂಗಿತು. ಎಲ್ಲರೂ ತಲೆ ತಗ್ಗಿಸಿದ್ದಿರಿ, ಆದ್ದರಿಂದ ಯಾರ ಮುಖವೂ ನನಗೆ ಕಾಣಲಿಲ್ಲ. ಮೌನ ಮುಗಿದ ಮೇಲೆ ನೀವು ಆ್ಯಪಿನ ಹೊಸ ಆವೃತ್ತಿಗೆ ನನ್ನ ಮಗಳ ಹೆಸರಿಡುವುದಾಗಿ ಘೋಷಿಸಿದಿರಿ. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ತಲೆಯಾಡಿಸಿದಳು. ಅದನ್ನೇ ಕುಟುಂಬದ ಒಪ್ಪಿಗೆ ಎಂದು ನೀವು ಪತ್ರಿಕೆಯವರಿಗೆ ತಿಳಿಸಿದ್ದೀರಿ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಮನೆಯಲ್ಲಿ ಅವಳನ್ನು "ವಕೀಲಿ" ಎನ್ನುತ್ತಿದ್ದೆವು. ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡಿದ್ದವನು. ಗೆದ್ದ ಪದಕಗಳಿಗೆ ತುಕ್ಕು ಹಿಡಿಯಿತು, ನಾಲಿಗೆಗೆ ಹಿಡಿಯಲಿಲ್ಲ. ಆ ನಾಲಿಗೆ ಮಗಳಿಗೆ ಬಂತು. ಊಟದ ಹೊತ್ತಿಗೆ ಕರೆದರೆ ಸ್ನಾನದ ಮನೆಯಿಂದ "ಬಂದೆ" ಎಂದು ಕೂಗುತ್ತಿದ್ದಳು. ತಟ್ಟೆಯೆದುರು ಕಾದು ಕಾದು ನಾನು ರೇಗುತ್ತಿದ್ದೆ. "'ಬಂದೆ' ಭೂತಕಾಲ. ಬಂದ ಮೇಲೆ ಹೇಳು" ಎನ್ನುತ್ತಿದ್ದೆ. ತಲೆ ಒರೆಸಿಕೊಳ್ಳುತ್ತಾ ಬಂದವಳು, "ಅಪ್ಪ, ನಮ್ಮ ಭಾಷೇಲಿ ಬರೋದಕ್ಕೆ ಮುಂಚೆ ಬಂದಾಗಿರುತ್ತೆ, ಹೊರಡುವಾಗ 'ಬರ್ತೀನಿ' ಅಂತೀವಿ. ಇದಕ್ಕೆ ನಿಮ್ಮ ವ್ಯಾಕರಣ ಏನು ಹೇಳುತ್ತೆ?" ಎನ್ನುತ್ತಿದ್ದಳು. ಆ ವಾದದಲ್ಲಿ ನಾನು ಗೆದ್ದ ನೆನಪಿಲ್ಲ.

ಇದನ್ನೇಕೆ ನಿಮಗೆ ಹೇಳುತ್ತಿದ್ದೇನೆ? ಏಕೆಂದರೆ ನೀವು ಅದೇ ವಾದವನ್ನು ಅವಳ ಮೇಲೆ ಪ್ರಯೋಗಿಸಿದಿರಿ.

ನಿಮ್ಮ ಆ್ಯಪಿನ ವಿನ್ಯಾಸ ಅವಳ ಕೈಗೆ ಬಂದಾಗ ಅವಳು ಕಂಪ್ಯೂಟರ್ ಮುಂದೆ ಕೂರುವ ಮೊದಲು ನಿಲ್ದಾಣಗಳಲ್ಲಿ ನಿಂತಳು. ಬಿಸಿಲಿಗೆ ಕಂದಿ ಮನೆಗೆ ಬರುತ್ತಿದ್ದಳು. ಕಾಯುವವರನ್ನು ಮಾತಾಡಿಸಿ ಮಾತಾಡಿಸಿ ಅವಳಿಗೆ ತಿಳಿದದ್ದು, ಜನರು ತಡವನ್ನು ಕ್ಷಮಿಸುತ್ತಾರೆ, ಸುಳ್ಳನ್ನು ಕ್ಷಮಿಸುವುದಿಲ್ಲ ಎಂಬುದು. ಆಸ್ಪತ್ರೆಯ ಆಯಾ ಒಬ್ಬಳು ಅವಳಿಗೆ ಹೇಳಿದ್ದಳಂತೆ: "ಬರಲ್ಲ ಅಂದ್ರೆ ನಡ್ಕೊಂಡು ಹೋಗ್ತೀನಿ. ಗೊತ್ತಿಲ್ಲ ಅಂದ್ರೂ ಏನೋ ಒಂದು ದಾರಿ ನೋಡ್ಕೋತೀನಿ. ಬಂತು ಬಂತು ಅಂತ ಕತ್ತು ಉದ್ದ ಮಾಡಿಸಬೇಡಿ ಅಷ್ಟೇ." ಅವಳ ವಿನ್ಯಾಸ ಹುಟ್ಟಿದ್ದು ಆ ಮಾತಿನಿಂದ. ಬಸ್ಸು ಕಾಣುತ್ತಿದ್ದರೆ ಹಸಿರು, "ಬರ್ತಿದೆ". ಬಸ್ಸಿನ ಜಿಪಿಎಸ್ ಪೆಟ್ಟಿಗೆ ಸುಮ್ಮನಾಗಿಬಿಟ್ಟರೆ ಬೂದು ಬಣ್ಣ, "ಗೊತ್ತಿಲ್ಲ", ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಬಸ್ಸು ಕೊನೆಗೆ ಕಂಡ ಜಾಗ. ಆ ಒಂದು ಪದಕ್ಕಾಗಿ ಅವಳು ಪಟ್ಟ ಸಂತೋಷ! "ಅಪ್ಪ, ಒಂದು ಕಚೇರಿ ಮೊದಲ ಸಲ ಜನರಿಗೆ 'ಗೊತ್ತಿಲ್ಲ' ಅನ್ನುತ್ತೆ. ಯೋಚನೆ ಮಾಡಿ!" ಎಂದು ಅಡುಗೆಮನೆಯಲ್ಲಿ ಕುಣಿದಳು. ಅವಳ ತಾಯಿ, "ನೀನೂ ಒಂದ್ಸಲ ಗೊತ್ತಿಲ್ಲ ಅಂತ ಹೇಳೋದು ಕಲಿ ತಾಯಿ, ಮನೆ ತಣ್ಣಗಿರುತ್ತೆ" ಎಂದಳು.

ಪರಿಶೀಲನಾ ಸಭೆಯಿಂದ ಅವಳು ಬಂದ ಸಂಜೆ ಕುಣಿತವಿರಲಿಲ್ಲ. ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ನಿಮ್ಮಂತೆ ಕನ್ನಡಕ ಹಣೆಗೇರಿಸಿಕೊಂಡು, ನಿಮ್ಮ ಧ್ವನಿಯಲ್ಲಿ ಹೇಳಿ ತೋರಿಸಿದಳು: "ಗೊತ್ತಿಲ್ಲ ಅಂದ್ರೆ ಏನಮ್ಮಾ? ಗೊತ್ತಿಲ್ಲದ ಮೇಲೆ ನಾವ್ಯಾಕೆ ಇಲ್ಲಿದೀವಿ ಅಂತ ಕೇಳ್ತಾರೆ. 'ಬಂತು' ಅಂತ ಹಾಕಿ. ಮನೇಲಿ ಕರೆದ್ರೆ ನಾವು 'ಬಂದೆ' ಅನ್ನಲ್ವಾ? ಬಂದಿರ್ತೀವಾ? ಎಲ್ಲರಿಗೂ ಅರ್ಥ ಆಗುತ್ತೆ ಬಿಡಿ." ಸಭೆ ನಕ್ಕಿತಂತೆ. ಅವಳು ಎದ್ದು ನಿಂತು ಹೀಗೆ ಉತ್ತರಿಸಿದಳಂತೆ: "ಸರ್, ಮನೇಲಿ 'ಬಂದೆ' ಅಂದೋರು ಮನೇಲೇ ಇರ್ತಾರೆ."

ಮಾನ್ಯರೇ, ಈ ಒಂದು ವಾಕ್ಯಕ್ಕೆ ನಿಮ್ಮಲ್ಲಿ ಅಂದು ಉತ್ತರವಿತ್ತೇ? ಇಂದು ಇದೆಯೇ? ನೀವು ಕಡತ ಮುಚ್ಚಿ ಮುಂದಿನ ವಿಷಯಕ್ಕೆ ಹೋದಿರಿ. "ಗೊತ್ತಿಲ್ಲ" ಹೋಯಿತು, "ಬಂತು" ಬಂತು. ಬೂದು ಬಣ್ಣವೂ ಮಂಕಾಗಿ ಕಾಣುತ್ತದೆಂದು ಹಸಿರಾಯಿತು.

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಹಕ್ಕಿದೆಯೆಂದು ನಮ್ಮ ಗುರುಗಳು ಕಲಿಸಿದ್ದರು. ಆದ್ದರಿಂದ ನಿಮ್ಮ ಪರವಾಗಿಯೂ ನಾನೇ ವಾದಿಸುತ್ತೇನೆ. ನಿಮ್ಮ ಬಸ್ಸುಗಳು ಹಳೆಯವು. ಮೇಲ್ಸೇತುವೆಯ ಕೆಳಗೆ ಹೋದರೆ ಆ ಪೆಟ್ಟಿಗೆಗಳು ಮೂಕಬಸವನಂತೆ ಸುಮ್ಮನಾಗುತ್ತವೆ. ಚಾಲಕರು ಎರಡಾಳಿನ ಕೆಲಸ ಮಾಡುತ್ತಾರೆ. "ಗೊತ್ತಿಲ್ಲ" ಎಂದು ಕಂಡರೆ ಜನ ಸಿಟ್ಟಾಗುತ್ತಾರೆ, "ಬಂತು" ಎಂದು ಕಂಡರೆ ಇನ್ನಷ್ಟು ಹೊತ್ತು ಸಮಾಧಾನದಿಂದ ಕಾಯುತ್ತಾರೆ, ಅಷ್ಟರಲ್ಲಿ ಬಸ್ಸು ಹೇಗೂ ಬಂದೇ ಬರುತ್ತದೆ. ಸಾಂತ್ವನಕ್ಕಾಗಿ ಹೇಳಿದ ಸುಳ್ಳು ಸುಳ್ಳಲ್ಲ. ಸರಿಯೇ? ನಿಮಗಿಂತ ಚೆನ್ನಾಗಿ ಹೇಳಿದೆನೆಂದು ಭಾವಿಸುತ್ತೇನೆ.

ಈಗ ಖಂಡನೆ. ಸಾಂತ್ವನ ಪಡೆದ ಮನುಷ್ಯ ಎಲ್ಲಿ ನಿಂತಿದ್ದಾನೆಂದು ನೀವು ಎಂದಾದರೂ ಹೋಗಿ ನೋಡಿದ್ದೀರಾ? ನಿಮ್ಮ ಕಾರು ಹಾದುಹೋಗುವ, ನನ್ನ ಮಗಳು ಕೊನೆಯ ಸಲ ನಿಂತಿದ್ದ ಆ ನಿಲ್ದಾಣದಲ್ಲಿ, ಕೈ ಅಡ್ಡ ಹಿಡಿಯದಿದ್ದರೆ ಬಸ್ಸು ನಿಲ್ಲುವುದಿಲ್ಲ. ಕೈ ಚಾಲಕನಿಗೆ ಕಾಣಬೇಕಾದರೆ ರಸ್ತೆಗೆ ಇಳಿಯಬೇಕು. "ಬಂತು" ಎಂಬುದು ಅಲ್ಲಿ ಸಾಂತ್ವನವಲ್ಲ ಮಾನ್ಯರೇ, ಅಪ್ಪಣೆ. ಕಾಲಿಗೆ ಕೊಟ್ಟ ಅಪ್ಪಣೆ.

ಮುಂದಿನದನ್ನು ನಾನು ಕಂಡಿಲ್ಲ. ಕಂಡವಳು ನಮ್ಮ ಮನೆಗೆ ಬಂದಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಹೆಂಗಸು. ಬಲಗೈಗೆ ಪಟ್ಟಿ ಕಟ್ಟಿಕೊಂಡಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತಾ ಮಾತಾಡಿದಳು.

"ಫೋನು ಬಂತು ಅಂತು ಅಣ್ಣ, ನಾನು ಇಳಿದೆ. ನಿಮ್ಮ ಮಗಳು ಹಿಂದಿಂದ 'ಅಕ್ಕಾ, ಮೇಲೆ ಬನ್ನಿ, ಬಂದಿಲ್ಲ ಅದು' ಅಂದ್ಲು. ನಾನು ಫೋನ್ ತೋರಿಸ್ದೆ. 'ಇಲ್ಲಿ ನೋಡಮ್ಮ, ಬಂತು ಅಂತ ಬರೆದಿದೆ, ನನಗೂ ಓದೋಕೆ ಬರುತ್ತೆ' ಅಂತ ಜೋರು ಬೇರೆ ಮಾಡ್ದೆ. ನಕ್ಕಳು. 'ಅದನ್ನ ಮಾಡಿದ್ದೇ ನಾನು ಅಕ್ಕಾ. ಅದು ಹಾಗೇ ಅನ್ನುತ್ತೆ, ಬಂದಿಲ್ಲ' ಅಂತ ತಾನೂ ಇಳಿದು ನನ್ನ ರಟ್ಟೆ ಹಿಡಿದು ಒಳಗೆ ದಬ್ಬಿದ್ಲು. ನಾನು ಫುಟ್‌ಪಾತ್ ಕಲ್ಲಿನ ಮೇಲೆ ಬಿದ್ದೆ. ತಿರುಗಿ ನೋಡ್ತೀನಿ..."

ಬಂದದ್ದು ಬಸ್ಸಲ್ಲ, ಲಾರಿ. ನನ್ನ ಹೆಂಡತಿ ಒಳಗೆ ಹೋಗಿ ನೀರು ತಂದುಕೊಟ್ಟು, "ಕೈ ಮೂಳೆಗೆ ಏಟಾಗಿದೆಯಾ? ತೋರಿಸಿದೆಯಾ?" ಎಂದು ಕೇಳಿದಳು. ಆಗ ಆ ಹೆಂಗಸು ಅತ್ತಳು. ನಿಮ್ಮ ಸಂಸ್ಥೆಯ ವರದಿಯಲ್ಲಿ ಈ ಎಲ್ಲದಕ್ಕೂ ಒಂದೇ ಹೆಸರಿದೆ: "ಪಾದಚಾರಿಯ ಅಜಾಗರೂಕತೆ". ಜಾಗರೂಕತೆಯ ಅರ್ಥವನ್ನು ನಿಮ್ಮ ನಿಘಂಟಿನಲ್ಲಿ ಒಮ್ಮೆ ನೋಡಿ ತಿಳಿಸಬೇಕಾಗಿ ವಿನಂತಿ.

ನನ್ನ ಮಗಳು ಲೋಕಕ್ಕೆ ಹೇಳಿದ ಕೊನೆಯ ಮಾತು "ಬಂದಿಲ್ಲ". ಅವಳು ಅದೇ ಮಾತನ್ನು ನಿಮ್ಮ ಸಭೆಯಲ್ಲೂ ಹೇಳಿದ್ದಳು, ಹೆಚ್ಚು ವಿನಯದಿಂದ. ನೀವು ಕೇಳಿಸಿಕೊಳ್ಳಲಿಲ್ಲ, ಗುಂಡಿ ಹಾಕುವವಳು ಕೇಳಿಸಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು.

ಈಗ ನೀವು ಆ ಆ್ಯಪಿಗೆ ಅವಳ ಹೆಸರಿಡುತ್ತೀರಿ. ಪದ ಬದಲಾಗುವುದಿಲ್ಲ, ಹೆಸರು ಬದಲಾಗುತ್ತದೆ! ನಾಳೆಯಿಂದ ಊರಿನ ನಿಲ್ದಾಣಗಳಲ್ಲಿ ನನ್ನ ಮಗಳು ಹಸಿರು ಬಣ್ಣದಲ್ಲಿ ಸುಳ್ಳು ಹೇಳುತ್ತಾಳೆ. ಕಾದು ಕಾಲು ಸೋತವರು ಅವಳ ಹೆಸರೆತ್ತಿ ಹಲ್ಲು ಕಡಿಯುತ್ತಾರೆ: "ಇವಳನ್ನ ನಂಬಿದ್ರೆ ಕೆಟ್ಟೆ." ಬದುಕಿದ್ದಾಗ ಅವಳ ಬಾಯಿಂದ ಹೊರಡಿಸಲಾಗದ ಮಾತನ್ನು ಸತ್ತ ಮೇಲೆ ಹೇಳಿಸುತ್ತಿದ್ದೀರಿ. ಇದಕ್ಕೆ ಶ್ರದ್ಧಾಂಜಲಿ ಎನ್ನುತ್ತೀರಾ?

ಇನ್ನು, ಸಭೆಯಲ್ಲಿ ಹೇಳದ ಮಾತೊಂದಿದೆ. ಹೇಳಲು ಮನಸ್ಸಿಲ್ಲ, ಆದರೆ ಸಾಕ್ಷ್ಯವನ್ನು ಮುಚ್ಚಿಟ್ಟು ವಾದ ಮಾಡುವ ಅಭ್ಯಾಸ ನನಗಿಲ್ಲ. ಅವಳು ತನ್ನ ಬಸ್ಸನ್ನು ತಾಯಿಯ ಫೋನಿಗೂ ಜೋಡಿಸಿಟ್ಟಿದ್ದಳು. "ಅಮ್ಮಾ, ಇದು ಕೂಗಿದ ತಕ್ಷಣ ಟೀಗೆ ನೀರಿಡು. ಕುದಿಯೋ ಹೊತ್ತಿಗೆ ನಾನು ಬಾಗಿಲಲ್ಲಿರ್ತೀನಿ." ಆ ಫೋನು ಈಗಲೂ ಪ್ರತಿ ಸಂಜೆ ಅಡುಗೆಮನೆಯ ಕಟ್ಟೆಯ ಮೇಲಿಂದ "ನಿಮ್ಮ ಬಸ್ಸು ಬಂತು" ಎಂದು ಕೂಗುತ್ತದೆ. ನನ್ನ ಹೆಂಡತಿ ಏನು ಮಾಡುತ್ತಿದ್ದರೂ ಬಿಟ್ಟು ಎದ್ದು ನೀರಿಡುತ್ತಾಳೆ. ಮೂರು ಲೋಟ. ಆಮೇಲೆ ಬಾಗಿಲ ಚಿಲಕ ತೆಗೆದು ಬರುತ್ತಾಳೆ. ಅವಳ ತಮ್ಮ ಒಮ್ಮೆ, "ಅಕ್ಕ, ಕೊಡು ಇಲ್ಲಿ, ಅದನ್ನ ತೆಗೆದುಹಾಕ್ತೀನಿ" ಎಂದು ಕೈ ಚಾಚಿದ. ಅವಳು ಫೋನನ್ನು ಸೆರಗಿನಡಿ ಇಟ್ಟುಕೊಂಡಳು. ನಾನು ನನ್ನ ಎಂದಿನ ಗಡಸು ಧ್ವನಿಯಲ್ಲಿ, "ಅವಳು ಬರಲ್ಲ ಅಂತ ನಿನಗೆ ಗೊತ್ತಿಲ್ವಾ?" ಎಂದೆ.

"ನನಗೆ ಗೊತ್ತು ಕಣ್ರೀ" ಎಂದಳು. "ಕಾಲಿಗೆ ಗೊತ್ತಿಲ್ಲ."

ಅಂದಿನಿಂದ ನಾನು ಮಾತಾಡಿಲ್ಲ. ಮೂರನೆಯ ಲೋಟ ಆರಿ ಕೆನೆಗಟ್ಟುವುದನ್ನು ನೋಡುತ್ತಾ ಕೂರುತ್ತೇನೆ. ವೇದಿಕೆಯ ಮೇಲೆ ಎಂದೂ ಮಾತು ತಪ್ಪದವನು, ಸ್ವಂತ ಅಡುಗೆಮನೆಯಲ್ಲಿ ಒಂದು ಪದಕ್ಕೆ ಹೆದರಿ ಕೂತಿದ್ದೇನೆ. ಈ ವಿಷಯದಲ್ಲಿ, ಮಾನ್ಯರೇ, ನಿಮಗೂ ನನಗೂ ಹೆಚ್ಚು ಅಂತರವಿಲ್ಲ.

ಆ ಫೋನನ್ನು ಈ ಪತ್ರದ ಜೊತೆಗಿಟ್ಟು ನಿಮಗೆ ಕಳುಹಿಸೋಣ, ಸಂಜೆ ಅದು ಕೂಗಿದಾಗ ನೀವೇ ಎದ್ದು ಬಾಗಿಲು ತೆರೆಯುವಂತಾಗಲಿ ಎಂದು ಮೊದಲು ಯೋಚಿಸಿದೆ. ಸಭೆ ಗೆಲ್ಲುವ ಚಮತ್ಕಾರ ಅದು, ಹಳೆಯ ಚಟ. ಅವಳ ತಾಯಿಯಿಂದ ಕಸಿದು ಗೆಲ್ಲುವ ಚಪ್ಪಾಳೆ ನನಗೆ ಬೇಡ. ಫೋನು ಅವಳ ಬಳಿಯೇ ಇರುತ್ತದೆ.

ನನ್ನ ಬೇಡಿಕೆ ಒಂದೇ. ಹೆಸರು ಬೇಡ, ಪದ ಕೊಡಿ. ಅವಳು ಬರೆದಿಟ್ಟ "ಗೊತ್ತಿಲ್ಲ" ಎಂಬ ಪದವನ್ನು ಅವಳು ಇಟ್ಟ ಜಾಗದಲ್ಲಿ, ಅವಳು ಆರಿಸಿದ ಬೂದು ಬಣ್ಣದಲ್ಲಿ ಮರಳಿ ಹಾಕಿ. ಅದರ ಕೆಳಗೆ ಯಾರ ಹೆಸರೂ ಇರಬೇಕಾಗಿಲ್ಲ. ಅದನ್ನು ಓದಿ ಯಾರೋ ಒಬ್ಬರು ರಸ್ತೆಗಿಳಿಯದೆ ಕಲ್ಲಿನ ಮೇಲೆಯೇ ನಿಂತರೆ ಅವಳ ಸ್ಮಾರಕಕ್ಕೆ ಅಷ್ಟು ಸಾಕು.

ಹೆಸರಿಡಲು ಕುಟುಂಬದ ಒಪ್ಪಿಗೆ ಇಲ್ಲವೆಂದು ಈ ಮೂಲಕ ತಿಳಿಸುತ್ತಿದ್ದೇನೆ. ಇದನ್ನು ನಾನೊಬ್ಬನೇ ನಿರ್ಧರಿಸಿದ್ದೇನೆ. "ಹೆಸರಾದ್ರೂ ನಾಲ್ಕು ಜನರ ಬಾಯಲ್ಲಿರಲಿ" ಎಂದು ಆಸೆಪಟ್ಟ ಅವಳ ತಾಯಿ, ನೀವು ಓದುವ ಹೊತ್ತಿಗೇ ಇದನ್ನು ಪತ್ರಿಕೆಯಲ್ಲಿ ಓದುತ್ತಾಳೆ. ಅವಳು ನನ್ನನ್ನು ಕ್ಷಮಿಸದಿರಬಹುದು.

ಮತ್ತು ಇಂದು ಸಂಜೆ ಫೋನು ಕೂಗುತ್ತದೆ. ಅವಳ ಕಾಲು ಏಳುತ್ತದೆ. ಅವಳಿಗೂ ಒಲೆಗೂ ನಡುವೆ ಹೋಗಿ ನಿಂತು, ನನ್ನ ಮಗಳು ಹೇಳಿದಂತೆಯೇ, ರಟ್ಟೆ ಹಿಡಿದು ಹೇಳುತ್ತೇನೆ: "ಬಂದಿಲ್ಲ. ಕೂತ್ಕೋ. ಇವತ್ತು ಟೀ ನಾನು ಮಾಡ್ತೀನಿ, ಎರಡು ಲೋಟ." ಆಮೇಲೆ ಏನಾಗುತ್ತದೆ ಎಂದು ಕೇಳುತ್ತೀರಾ? ಗೊತ್ತಿಲ್ಲ. ನೋಡಿ, ಹೇಳಬಹುದು. ಆಕಾಶವೇನೂ ಕಳಚಿ ಬೀಳಲಿಲ್ಲ.

ಇಂತಿ,
"ತಮ್ಮ ವಿಶ್ವಾಸಿ" ಎಂದು ಬರೆಯಲು ಕೈ ಬಾರದ,
ವಕೀಲಿಯ ಅಪ್ಪ